ಕೀಸುಳಿ

ಗುನ್ವೋರ್ ಬೇಡವೆಂದಿದ್ದಳು,
ನಾನೇ ಉಣ್ಣೆಯ ಕಾಲ್ಚೀಲದಲ್ಲಿ ಸುತ್ತಿ ತಂದದ್ದು:
ಚೀಸು ಕೀಸುವ ಸಣ್ಣ ಉಳಿ,
ಮರದ ಹಿಡಿ, ಸೊಂಟದಲ್ಲೊಂದು ಸೀಳು,
ಬಡಗಿಯ ಕೀಸುಳಿಗೆ ತಂಗಿಯಾಗಬೇಕು.
ನಮ್ಮ ನಾರ್ವೆಯಲ್ಲಿ ಅದಿಲ್ಲದ ಮನೆಯೆಂದರೆ
ಅಗುಳಿಯಿಲ್ಲದ ಬಾಗಿಲು.

ಕೊರಿಯಾದ ಗೊಜೆ ದ್ವೀಪ. ಬೆಳಗಿನ ಸೈರನ್ನಿಗೆ
ಸಾವಿರ ಹೆಲ್ಮೆಟ್ಟುಗಳು ಹಡಗುಕಟ್ಟೆಗೆ ಹರಿಯುತ್ತವೆ.
ಅವುಗಳಲ್ಲೊಂದು ಗುನ್ವೋರಳದು.
ಟಾರ್ಚು ಹಿಡಿದು ಉಕ್ಕಿನ ಹೊಟ್ಟೆಯೊಳಗೆ ತೆವಳಿ
ಬೆಸುಗೆಯ ಬಿರುಕು ಹುಡುಕುವುದು ಅವಳ ಕೆಲಸ.
ನಾನು ಐಲಿಫ್, ಹುಡುಕುವುದು ಚೀಸು.

ಐದು ವರ್ಷದ ಇಡುನ್‌ಳ ಡಬ್ಬಿಗೆ
ಬ್ರೆಡ್ಡು, ಅದರ ಮೇಲೆ ಹಳದಿ ಹಾಳೆ,
ಎತ್ತಿ ಹಿಡಿದರೆ ಕಿಟಕಿ ಕಾಣುವಷ್ಟು ತೆಳ್ಳಗೆ.
ಅಷ್ಟೇ. ಬೆಳಗ್ಗೆ ಏಳು ಗಂಟೆಗೆ
ಅದಕ್ಕಿಂತ ಹೆಚ್ಚು ಕೇಳುವಷ್ಟು ಹಸಿವು
ನಮ್ಮ ಕಡೆ ಯಾರಿಗೂ ಇಲ್ಲ.

ಖಾರಕ್ಕೆ ವಿಳಾಸವಿದೆ. ಹುಳಿಯನ್ನು ಮೂಗೇ ತೋರಿಸುತ್ತದೆ.
ಸಪ್ಪೆಯನ್ನು ಎಲ್ಲಿ ಅಂತ ಹುಡುಕಲಿ?
ಬರೀ ಸಪ್ಪೆಯಾದರೂ ಆಗದು:
ಹಾಲಿನ ನೆನಪಿರಬೇಕು, ಉಪ್ಪಿನ ಸುಳಿವಿರಬೇಕು,
ನುಂಗಿದ ಮೇಲೆ ನಾಲಿಗೆಯ ಮೇಲೆ ಯಾರೂ ಕೂತಿರಬಾರದು.

ಪ್ಲಾಸ್ಟಿಕ್ಕಿನಲ್ಲಿ ಒಂದೊಂದಾಗಿ ಮಲಗಿಸಿದ ಚೌಕಗಳನ್ನು
ಉಳಿಯೇ ಒಪ್ಪಲಿಲ್ಲ, ಕೀಸಲು ಏನಿದೆ ಅಲ್ಲಿ?
ಕೆಂಪು ಮೇಣದಂಗಿಯ ಡಚ್ಚರದು
ಸಾಬೂನಿಗೆ ದೂರದ ಸಂಬಂಧಿ.
ಇನ್ನೊಂದು ಸಿಹಿ, ಕಾಸಿದ ಸಕ್ಕರೆಯ ಹಾಗೆ;
ಇಡುನ್ ಅದನ್ನು ನೆಕ್ಕಿ, 'ಇದು ಚಾಕೊಲೇಟಾಗಲು ಹೊರಟು
ದಾರಿ ತಪ್ಪಿದೆ' ಎಂದಳು.
ಬುಸಾನಿಗೆ ಬಸ್ಸು ಹತ್ತಿ, ಒಂದು ದಿನದ ಸಂಬಳ ಸುರಿದು
ಡೆನ್ಮಾರ್ಕಿನ ಗಟ್ಟಿ ತಂದೆ. ನೆರೆದೇಶದ್ದಲ್ಲವೇ ಎಂದು.
ನೆರೆಯವರ ಹಾಗೆಯೇ ಇತ್ತು,
ಹತ್ತಿರ, ಮತ್ತು ಸ್ವಲ್ಪ ಹುಳಿ.

ಗಲ್ಲಿಯ ಕೊನೆಯ ಅಂಗಡಿಯ ಒಕ್‌ಬುನ್ ಅಜ್ಜಿ
ನನ್ನ ಕೈಸನ್ನೆಗಳನ್ನೆಲ್ಲ ತಾಳ್ಮೆಯಿಂದ ನೋಡಿ
'ಸಿಮ್‌ಸಿಮ್' ಎಂದಳು.
ಅವರ ನುಡಿಯಲ್ಲಿ ಸಪ್ಪೆಗೂ ಅದೇ ಮಾತು,
ಹೊತ್ತು ಹೋಗದ ಬೇಸರಕ್ಕೂ ಅದೇ ಮಾತು.
ನನ್ನನ್ನು ಯಾವುದೆಂದು ತಿಳಿದಳೋ,
ಒಂದು ಸ್ಟೂಲು ಎಳೆದು ಕೂರಿಸಿ
ಬಾರ್ಲಿಯ ಚಹಾ ಕೊಟ್ಟಳು.
ಆಮೇಲಿನ ವಾರ ಇಮ್‌ಸಿಲ್ ಎಂಬ ಬೆಟ್ಟದೂರಿನಿಂದ
ತಂಗಿಯ ಮಗನಿಗೆ ಹೇಳಿ ತರಿಸಿದಳು,
ಮುಷ್ಟಿಯಷ್ಟು ಬಿಳಿಯ ಗಟ್ಟಿ.

ಅದೂ ಅದಲ್ಲ.
ಹಲ್ಲಿನ ಸಂದಿಯಲ್ಲಿ ಕೀಚ್ ಎನ್ನುತ್ತಿತ್ತು,
ಹೊಸ ಚಪ್ಪಲಿಯ ಹಾಗೆ.
ಆದರೆ ಉಳಿ ಕೆಳಗೆ ಜಾರಿತು,
ಎಷ್ಟೋ ತಿಂಗಳ ಮೇಲೆ ಒಂದು ಹಾಳೆ ಸುರುಳಿಯಾಗಿ ಎದ್ದಿತು.
ಇಡುನ್ ತಿಂದಳು. ಮರುದಿನವೂ ತಿಂದಳು.
ಯಾವಾಗಿನಿಂದ ಕೇಳುವುದನ್ನು ಬಿಟ್ಟಳೋ
ನಾನು ಗುರುತು ಹಾಕಿಕೊಳ್ಳಲಿಲ್ಲ.

ಬೇಸಿಗೆಗೆ ಊರಿಗೆ ಹೋದೆವು.
ದೋಣಿಕಟ್ಟೆಯಲ್ಲಿ ಟಿಕೇಟು ಹರಿಯುವ ಅತ್ತೆ
ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ನಿಂತು
ಒಂದು ಕಿಲೋ ಅಸಲಿಯನ್ನು ಮೇಜಿನ ಮೇಲಿಟ್ಟು
ತನ್ನ ಉಳಿಯಿಂದ ಕೀಸಿದಳು. ನಡುವೆ ಹಳ್ಳ ಬಿದ್ದ
ಅದೇ ಹಳದಿ, ಅದೇ ಇಳಿಜಾರು.
ನನಗೆ ಗಂಟಲು ಕಟ್ಟಿತು, ಚೀಸಿಗೆ ಯಾರಾದರೂ ಅಳುತ್ತಾರೆಯೇ,
ಕೆಮ್ಮಿದೆ.

ಇಡುನ್ ಅಗಿದಳು. ನಿಲ್ಲಿಸಿದಳು.
'ಸಿಮ್‌ಸಿಮ್' ಎಂದಳು.

ಏನಂತೆ? ಎಂದಳು ಅತ್ತೆ, ಉಳಿ ಕೈಯಲ್ಲೇ.

ಬೇಸರವಂತೆ, ಎಂದೆ.
ಪ್ರಯಾಣದ ಆಯಾಸ ನೋಡಿ.

ನನ್ನ ಕೀಸುಳಿ ಆಗ ಗೊಜೆಯಲ್ಲಿತ್ತು.
ಒಕ್‌ಬುನ್ ಅಜ್ಜಿ ಮೂಲಂಗಿಗೆಂದು ಕಡ ತೆಗೆದುಕೊಂಡಿದ್ದಳು,
ಸಾರಿನಲ್ಲಿ ಬೇಗ ಬೇಯುತ್ತದಂತೆ, ಅಷ್ಟು ತೆಳ್ಳಗೆ.